ಕಂಪ್ಯೂಟರ್ ಎಲ್ಲಿ ಕಾಯುತ್ತದೆ?

ಇಂದಿನ ಸಾಧಾರಣ ಪ್ರೊಸೆಸರ್ ಕೂಡ ಸೆಕೆಂಡಿಗೆ ಸುಮಾರು 400 ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ಹಿಡಿಯುವ ಕಾಲ 0.25 ನ್ಯಾನೊಸೆಕೆಂಡ್. ಇಷ್ಟು ಚುರುಕಾದ ಚಿಪ್ಪು ತನ್ನ ಬಹುಪಾಲು ಹೊತ್ತನ್ನು ಕಳೆಯುವುದು ಕಾಯುವುದರಲ್ಲಿ. ರ‍್ಯಾಮ್‌ನಿಂದ ಒಂದು ಅಂಕಿ ತರಿಸಿಕೊಳ್ಳಲು ಅದಕ್ಕೆ ಸುಮಾರು 80 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ತರಿಸಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾದೀತು. ಹಾರ್ಡ್‌ಡಿಸ್ಕ್ ಆದರೆ ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಓದುವ ತೋಳು ಸರಿಯಾದ ಸಾಲಿಗೆ ಸರಿಯಲು ಸುಮಾರು 8 ಮಿಲಿಸೆಕೆಂಡ್, ಬೇಕಾದ ಜಾಗ ತಿರುಗಿ ಬಂದು ಆ ತೋಳಿನ ಕೆಳಗೆ ನಿಲ್ಲಲು ಸರಾಸರಿ ಅರ್ಧ ಸುತ್ತು ಎಂದರೆ ಇನ್ನೂ 4 ಮಿಲಿಸೆಕೆಂಡ್, ಒಟ್ಟು 12.

ಈ ಅಂಕಿಗಳು ನಮ್ಮ ಅನುಭವಕ್ಕೆ ನಿಲುಕುವಷ್ಟು ದೊಡ್ಡವಲ್ಲ. ಹಾಗಾಗಿ ಪ್ರೊಸೆಸರಿನ ಒಂದು ಮಿಡಿತವನ್ನು ನಮ್ಮ ಒಂದು ಸೆಕೆಂಡ್ ಎಂದುಕೊಂಡು ನೋಡೋಣ. ಆ ಲೆಕ್ಕದಲ್ಲಿ ರ‍್ಯಾಮ್‌ನಿಂದ ಉತ್ತರ ಬರಲು ಐದು ನಿಮಿಷ, ಎಸ್‌ಎಸ್‌ಡಿಯಿಂದ ಬರಲು ನಾಲ್ಕೂವರೆ ದಿನ. ಹಾರ್ಡ್‌ಡಿಸ್ಕಿನಿಂದ ಬರಲು ಒಂದೂವರೆ ವರ್ಷ.

ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಡೆಸ್ಕ್‌ಟಾಪ್ ಕಟ್ಟಿಕೊಳ್ಳಬೇಕೆನ್ನುವವರು ಬೇರೆಲ್ಲಕ್ಕಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಯಾವುದು ಯಾವುದಕ್ಕಾಗಿ ಕಾಯುತ್ತಿದೆ ಎಂಬ ಪ್ರಶ್ನೆ ಬಿಡಿಭಾಗ ಆರಿಸುವಾಗ ದುಡ್ಡು ಉಳಿಸುತ್ತದೆ. ಜೋಡಿಸಿದ ಕಂಪ್ಯೂಟರ್ ಚಾಲೂ ಆಗದೆ ನಿಂತಾಗ ದೋಷ ಎಲ್ಲಿದೆಯೆಂದು ತೋರಿಸಿಕೊಡುವುದೂ ಅದೇ ಪ್ರಶ್ನೆ. ಈ ಅಧ್ಯಾಯ ಆ ಎರಡು ಕೆಲಸಗಳ ಕುರಿತದ್ದು.

ಅಮ್ಡಾಲ್ ತೋರಿಸಿದ ಮಿತಿ

1967ರಲ್ಲಿ ಐಬಿಎಂನ ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ ಒಂದು ಸರಳ ವಾದ ಮಂಡಿಸಿದರು. ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸಿದರೆ ಎಷ್ಟು ಲಾಭ ಎಂಬುದು ಆಗಿನ ಚರ್ಚೆ. ಕೆಲಸದ ಒಂದು ಭಾಗವನ್ನು ನೀವು ಎಷ್ಟೇ ವೇಗಗೊಳಿಸಿದರೂ, ವೇಗಗೊಳ್ಳದೆ ಉಳಿದ ಭಾಗವೇ ಒಟ್ಟು ಲಾಭಕ್ಕೆ ಎಲ್ಲೆ ಹಾಕುತ್ತದೆ ಎಂದರು ಅವರು. ದೊಡ್ಡ ಯಂತ್ರಗಳಿಗಾಗಿ ಹುಟ್ಟಿದ ಈ ಮಾತು ಮನೆಯ ಮೇಜಿನ ಮೇಲಿನ ಪೆಟ್ಟಿಗೆಗೂ ಹಾಗೆಯೇ ಅನ್ವಯಿಸುತ್ತದೆ.

ಒಂದು ತಂತ್ರಾಂಶ ತೆರೆದುಕೊಳ್ಳಲು 10 ಸೆಕೆಂಡ್ ಹಿಡಿಯುತ್ತದೆ ಎನ್ನಿ. ಅದರಲ್ಲಿ 7 ಸೆಕೆಂಡ್ ಹಾರ್ಡ್‌ಡಿಸ್ಕಿಗಾಗಿ ಕಾಯುವುದು, 3 ಸೆಕೆಂಡ್ ಪ್ರೊಸೆಸರ್ ದುಡಿಯುವುದು. ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ 3 ಸೆಕೆಂಡ್ ಒಂದೂವರೆಗೆ ಇಳಿಯುತ್ತದೆ; ಒಟ್ಟು ಸಮಯ 8.5 ಸೆಕೆಂಡ್. ಪ್ರೊಸೆಸರನ್ನು ಮುಟ್ಟದೆ ಹತ್ತು ಪಟ್ಟು ಬೇಗ ಉತ್ತರಿಸುವ ಎಸ್‌ಎಸ್‌ಡಿ ಹಾಕಿದರೆ 7 ಸೆಕೆಂಡ್ 0.7ಕ್ಕೆ ಇಳಿದು ಒಟ್ಟು 3.7 ಸೆಕೆಂಡಿಗೆ ಕೆಲಸ ಮುಗಿಯುತ್ತದೆ. ಖರ್ಚು ಕಡಿಮೆ, ಲಾಭ ಹೆಚ್ಚು. ಇಷ್ಟಾದ ಮೇಲೆ ಚಿತ್ರ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ಈಗ 3.7ರಲ್ಲಿ 3 ಸೆಕೆಂಡ್ ಪ್ರೊಸೆಸರಿನದೇ. ಮುಂದಿನ ದುಡ್ಡು ಹಾಕಬೇಕಾದ ಜಾಗ ಅದು. ಅಡಚಣೆ ಒಂದು ಕಡೆ ಬಗೆಹರಿದ ಕೂಡಲೇ ಇನ್ನೊಂದು ಕಡೆಗೆ ಸರಿಯುತ್ತದೆ. ಬಜೆಟ್ ಕಂಪ್ಯೂಟರ್ ಕಟ್ಟುವುದೆಂದರೆ ಯಾವ ಒಂದು ಭಾಗವೂ ಉಳಿದವನ್ನು ತೀರಾ ಕಾಯಿಸದಂತೆ ದುಡ್ಡನ್ನು ಹಂಚುವುದು.

ಬೇರೆ ಬೇರೆ ಕಂಪನಿಯ ಭಾಗಗಳು ಹೊಂದುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಪಕ್ಕದ ಅಂಗಡಿಯಲ್ಲಿ ರ‍್ಯಾಮ್, ಎದುರು ಸಾಲಿನಲ್ಲಿ ಕ್ಯಾಬಿನೆಟ್ ಕೊಂಡು ತಂದು ಮನೆಯಲ್ಲಿ ಜೋಡಿಸಬಹುದು. ಕಾರಿನ ಬಿಡಿಭಾಗಗಳಲ್ಲಿ ಸಾಧ್ಯವಿಲ್ಲದ ಈ ಸ್ವಾತಂತ್ರ್ಯದ ಹಿಂದೆ ಒಂದು ಚರಿತ್ರೆಯಿದೆ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಮಾರುಕಟ್ಟೆಯಲ್ಲಿ ಸಿಗುವ ಚಿಪ್ಪುಗಳನ್ನೇ ಬಳಸಿತ್ತು. ಅದರ ಸರ್ಕ್ಯೂಟ್ ನಕ್ಷೆಗಳನ್ನೂ ಬಯಾಸ್ ಎಂಬ ಮೂಲ ತಂತ್ರಾಂಶದ ಸಾಲುಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಬಯಾಸ್ ಮೇಲೆ ಕೃತಿಸ್ವಾಮ್ಯವಿದ್ದುದರಿಂದ ಅದನ್ನು ನಕಲು ಮಾಡುವಂತಿರಲಿಲ್ಲ. ಆದರೆ ಕಾಂಪ್ಯಾಕ್‌ನಂಥ ಕಂಪನಿಗಳು ಅದೇ ಕೆಲಸ ಮಾಡುವ ಬಯಾಸನ್ನು ತಾವೇ ಹೊಸದಾಗಿ ಬರೆದು 1982ರಿಂದಲೇ ಹೊಂದಾಣಿಕೆಯ ಯಂತ್ರಗಳನ್ನು ತಂದವು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ನಿಯಮಾವಳಿ ಮದರ್‌ಬೋರ್ಡಿನ ತೂತುಗಳ ಜಾಗ, ಹಿಂಬದಿಯ ಕಿಂಡಿಯ ಅಳತೆ, ವಿದ್ಯುತ್ ಕನೆಕ್ಟರ್‌ಗಳ ಜೋಡಣೆ ಎಲ್ಲವನ್ನೂ ಗೊತ್ತುಪಡಿಸಿತು. ಇವತ್ತಿನ ಅಗ್ಗದ ಕ್ಯಾಬಿನೆಟ್ ಕೂಡ ಆ ನಿಯಮಕ್ಕೆ ಬದ್ಧ.

ಆದರೂ ಎಲ್ಲವೂ ಎಲ್ಲದಕ್ಕೂ ಹೊಂದುವುದಿಲ್ಲ. ಪ್ರೊಸೆಸರ್ ಕೂರುವ ಸಾಕೆಟ್ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಎಎಂಡಿಯ ಎಎಂ4 ಸಾಕೆಟ್‌ಗೆ 1331 ಪಿನ್ನುಗಳು, ಇಂಟೆಲ್‌ನ 12ನೇ ತಲೆಮಾರಿನ ಸಾಕೆಟ್‌ಗೆ 1700. ಡಿಡಿಆರ್4, ಡಿಡಿಆರ್5 ಎರಡೂ ರ‍್ಯಾಮ್ ಪಟ್ಟಿಗಳಿಗೆ 288 ಪಿನ್ನುಗಳಿದ್ದರೂ ಮೊದಲನೆಯದಕ್ಕೆ 1.2 ವೋಲ್ಟ್ ಬೇಕು, ಎರಡನೆಯದಕ್ಕೆ 1.1. ತಪ್ಪಿ ಹಾಕಬಾರದೆಂದೇ ಅಂಚಿನ ಕಚ್ಚನ್ನು ಬೇರೆ ಜಾಗದಲ್ಲಿ ಕೊಯ್ದಿರುತ್ತಾರೆ. ಕೂರದಿದ್ದರೆ ಒತ್ತಬೇಡಿ, ಹೊರತೆಗೆದು ನೋಡಿ. ಕಣ್ಣಿಗೆ ಕಾಣದ ಹೊಂದಾಣಿಕೆಯ ತೊಡಕು ಬಯಾಸಿನದು. ಬಿ450 ಎಂಬ ಹಳೆಯ ಮದರ್‌ಬೋರ್ಡ್ ವರ್ಗ 2018ರದು. 2021ರ ಪ್ರೊಸೆಸರನ್ನು ಅದರಲ್ಲಿ ಕೂರಿಸಬಹುದಾದರೂ ಬಯಾಸ್ ಹಳೆಯದಿದ್ದರೆ ಪರದೆ ಮೂಡುವುದಿಲ್ಲ. ಕೊಳ್ಳುವ ಮುನ್ನ ಮದರ್‌ಬೋರ್ಡ್ ಕಂಪನಿಯ ತಾಣದಲ್ಲಿ ಆ ಪ್ರೊಸೆಸರಿಗೆ ಯಾವ ಬಯಾಸ್ ಆವೃತ್ತಿ ಬೇಕೆಂದು ನೋಡಿ, ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಳ್ಳುವುದು ಜಾಣತನ.

ದುಡ್ಡು ಎಲ್ಲಿ ಹಾಕಬೇಕು?

ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಆದ್ದರಿಂದ ಇಲ್ಲಿ ರೂಪಾಯಿಗಿಂತ ಆದ್ಯತೆಯ ಕ್ರಮ ಮುಖ್ಯ. ಓದು, ಬರಹ, ಆನ್‌ಲೈನ್ ತರಗತಿ, ಟ್ಯಾಲಿ, ಒಂದಿಷ್ಟು ಪ್ರೋಗ್ರಾಮಿಂಗ್, ಸಣ್ಣಪುಟ್ಟ ವಿಡಿಯೊ ಎಡಿಟಿಂಗ್ ಮಾಡುವ ಒಬ್ಬ ಕಾಲೇಜು ವಿದ್ಯಾರ್ಥಿನಿಗಾಗಿ ಕಟ್ಟುತ್ತಿದ್ದೇವೆ ಎಂದುಕೊಳ್ಳೋಣ.

ಮೊದಲ ಜಾಗ ಎಸ್‌ಎಸ್‌ಡಿಗೆ. ಆಪರೇಟಿಂಗ್ ಸಿಸ್ಟಂ ಹಾರ್ಡ್‌ಡಿಸ್ಕಿನಲ್ಲಿರಬಾರದು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ, ಪಿಸಿಐಇ 3.0ರ ಎನ್‌ವಿಎಂಇ ಸುಮಾರು 3500. ದಿನನಿತ್ಯದ ಕೆಲಸದಲ್ಲಿ ಇವೆರಡರ ನಡುವಿನ ಅಂತರ ಕಣ್ಣಿಗೆ ಬೀಳುವುದು ಕಡಿಮೆ. ಏಕೆಂದರೆ ಅಂಥ ಕೆಲಸ ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಓದುವುದು, ಅಲ್ಲಿ ನಾವು ಕಾಯುವುದು ಮೊದಲ ಉತ್ತರಕ್ಕಾಗಿ. ಸೆಕೆಂಡಿಗೆ 7000 ಮೆಗಾಬೈಟ್ ಎಂದು ಬರೆದ ದುಬಾರಿ ಎಸ್‌ಎಸ್‌ಡಿಗೆ ದುಡ್ಡು ಸುರಿಯಬೇಕಿಲ್ಲ. ರೈಜೆನ್ 5 5600ಜಿಯಂಥ ಪ್ರೊಸೆಸರ್ ಪಿಸಿಐಇ 3.0ರವರೆಗೆ ಮಾತ್ರ ಹೋಗುವುದರಿಂದ ಆ ವೇಗದ ಅರ್ಧ ಹಾಗೇ ವ್ಯರ್ಥವಾಗುತ್ತದೆ. ಫೋಟೊ, ಸಿನಿಮಾ ಕೂಡಿಡಲು ಹಾರ್ಡ್‌ಡಿಸ್ಕ್ ಬೇಕಾದರೆ ಜೊತೆಗೊಂದು ಇರಲಿ.

ಎರಡನೆಯದು ರ‍್ಯಾಮ್. ರ‍್ಯಾಮ್ ತುಂಬಿದಾಗ ಆಪರೇಟಿಂಗ್ ಸಿಸ್ಟಂ ಸದ್ಯಕ್ಕೆ ಬೇಡದ ಪುಟಗಳನ್ನು ಎಸ್‌ಎಸ್‌ಡಿಗೆ ಸಾಗಿಸಿ, ಮತ್ತೆ ಬೇಕಾದಾಗ ಅಲ್ಲಿಂದ ತರುತ್ತದೆ. ನಮ್ಮ ಲೆಕ್ಕದ ಐದು ನಿಮಿಷದ ಕಾಯುವಿಕೆ ನಾಲ್ಕೂವರೆ ದಿನಕ್ಕೆ ಏರುವುದು ಆಗಲೇ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಾಗ ಕಂಪ್ಯೂಟರ್ ಹ್ಯಾಂಗ್ ಆದಂತೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಇದು. 8 ಜಿಬಿ ಇಂದು ಕನಿಷ್ಠ, 16 ಜಿಬಿ ನೆಮ್ಮದಿ.

ಆ 16 ಜಿಬಿಯನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದೋ, 8ರ ಎರಡು ಪಟ್ಟಿಗಳಾಗಿ ಕೊಳ್ಳುವುದೋ? ಇಲ್ಲೊಂದು ಸೊಗಸಾದ ಲೆಕ್ಕವಿದೆ. ಒಂದು ರ‍್ಯಾಮ್ ಚಾನೆಲ್ ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಡಿಡಿಆರ್4-3200 ಎಂದರೆ ಸೆಕೆಂಡಿಗೆ 320 ಕೋಟಿ ಸಾಗಣೆ. ಗುಣಿಸಿದರೆ ಸೆಕೆಂಡಿಗೆ 25.6 ಗಿಗಾಬೈಟ್. ಎರಡು ಪಟ್ಟಿಗಳನ್ನು ಎರಡು ಚಾನೆಲ್‌ಗಳಲ್ಲಿ ಹಾಕಿದರೆ 51.2. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಬಜೆಟ್ ಕಂಪ್ಯೂಟರಿನಲ್ಲಿ ಈ ದುಪ್ಪಟ್ಟಿಗೆ ಬಹಳ ಬೆಲೆಯಿದೆ. ಜಿಟಿಎಕ್ಸ್ 1650ರಂಥ ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೂ ತನ್ನದೇ ಮೆಮೊರಿ ಇದ್ದು, ಅದರ ಮೊದಲ ಮಾದರಿಯಲ್ಲೇ ಸೆಕೆಂಡಿಗೆ 128 ಗಿಗಾಬೈಟ್ ಹರಿಯುತ್ತಿತ್ತು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕಾದರೋ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಹಂಚಿಕೊಳ್ಳಬೇಕು. ಒಂದೇ ಪಟ್ಟಿ ಹಾಕಿದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯಿಸುತ್ತಾರೆ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಎರಡು ಪಟ್ಟಿಗಳು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು, ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಬಯಾಸಿನೊಳಗೆ ಎಕ್ಸ್‌ಎಂಪಿ ಆಯ್ಕೆ ಆನ್ ಮಾಡದಿದ್ದರೆ 3200ರ ಪಟ್ಟಿ ಎಷ್ಟೋ ಸಲ 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಪೈಸೆ ಖರ್ಚಿಲ್ಲದೆ ಸಿಗುವ ವೇಗ ಅದು.

ಮೂರನೆಯದು ಪ್ರೊಸೆಸರ್. 2021ರ ರೈಜೆನ್ 5 5600ಜಿಯಲ್ಲಿ ಆರು ಕೋರ್‌ಗಳು, 2022ರ ಕೋರ್ ಐ3-12100ರಲ್ಲಿ ನಾಲ್ಕು. ನಮ್ಮ ವಿದ್ಯಾರ್ಥಿನಿಯ ಕೆಲಸಕ್ಕೆ ಎರಡೂ ಧಾರಾಳ ಸಾಕು, ಎರಡರೊಳಗೂ ಗ್ರಾಫಿಕ್ಸ್ ಇದೆ. ಹೆಸರಿನ ಕೊನೆಯ ಅಕ್ಷರವನ್ನು ಮಾತ್ರ ಎಚ್ಚರದಿಂದ ಓದಿ. ಐ3-12100ಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಕೊಳ್ಳದೆ ಅದನ್ನು ತಂದವರಿಗೆ ಪರದೆಯಲ್ಲಿ ಏನೂ ಮೂಡುವುದಿಲ್ಲ, ಯಾವ ಭಾಗವೂ ಕೆಟ್ಟಿರದಿದ್ದರೂ.

ಸೆಕೆಂಡ್ ಹ್ಯಾಂಡ್ ಭಾಗಗಳಿಂದಲೂ ದುಡ್ಡು ಉಳಿಯುತ್ತದೆ, ಭೌತವಿಜ್ಞಾನ ತಿಳಿದು ಆರಿಸಿದರೆ. ಪ್ರೊಸೆಸರ್, ರ‍್ಯಾಮ್‌ಗಳಲ್ಲಿ ಚಲಿಸುವ ಭಾಗವಿಲ್ಲ. ಸರಿಯಾಗಿ ಬಳಸಿದ್ದರೆ ಅವು ಬಹಳ ವರ್ಷ ಬಾಳುತ್ತವೆ. ಹಾರ್ಡ್‌ಡಿಸ್ಕ್ ಸವೆಯುತ್ತದೆ. ಎಸ್‌ಎಸ್‌ಡಿಯ ಕೋಶಗಳು ಪ್ರತಿ ಬರವಣಿಗೆಗೂ ಅಷ್ಟಿಷ್ಟು ಕ್ಷಯಿಸುತ್ತವೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಲ್ಲಿ ದ್ರವವಿರುತ್ತದೆ, ಅದು ಬಿಸಿಗೆ ನಿಧಾನವಾಗಿ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರ್‌ಗಳ ಅಂದಾಜು ಸೂತ್ರ. ಮೊದಲಿನ ಎರಡನ್ನು ಹಳೆಯದು ಕೊಳ್ಳಬಹುದು, ಉಳಿದ ಮೂರನ್ನು ಹೊಸದೇ ಕೊಳ್ಳಿ.

ಎಸ್‌ಎಂಪಿಎಸ್: ಕರೆಂಟ್ ಹೋದ ಆ ಕ್ಷಣ

ಬಜೆಟ್ ಕಡಿಮೆ ಎಂದಾಗ ಮೊದಲು ಕತ್ತರಿ ಬೀಳುವುದು ಎಸ್‌ಎಂಪಿಎಸ್ ಮೇಲೆ. ಅನೇಕ ಅಗ್ಗದ ಕ್ಯಾಬಿನೆಟ್‌ಗಳ ಜೊತೆಗೇ ಒಂದು ಬಂದುಬಿಡುತ್ತದೆ. ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ನಂಬಬೇಕಾದದ್ದು ಆ ಅಂಕಿಯನ್ನಲ್ಲ, ಬದಿಗೆ ಅಂಟಿಸಿದ ಚೀಟಿಯಲ್ಲಿ 12 ವೋಲ್ಟ್ ಎದುರಿಗೆ ಬರೆದ ಆಂಪಿಯರ್ ಅಂಕಿಯನ್ನು. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುಮಟ್ಟಿಗೆ 12 ವೋಲ್ಟ್ ಸಾಲಿನಿಂದಲೇ ಶಕ್ತಿ ಪಡೆಯುತ್ತವೆ. ಅಲ್ಲಿ 30 ಆಂಪಿಯರ್ ಇದ್ದರೆ 360 ವ್ಯಾಟ್ ಸಿಗುತ್ತದೆ, 15 ಆಂಪಿಯರ್ ಇದ್ದರೆ 180 ಮಾತ್ರ. 5600ಜಿ ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್ ಎಳೆಯುವುದರಿಂದ ನಮ್ಮ ಯಂತ್ರಕ್ಕೆ ದೊಡ್ಡ ವ್ಯಾಟ್ ಬೇಕಿಲ್ಲ, ಪ್ರಾಮಾಣಿಕ ವ್ಯಾಟ್ ಬೇಕು.

2004ರಲ್ಲಿ ಶುರುವಾದ 80 ಪ್ಲಸ್ ಮುದ್ರೆ, ಗೋಡೆಯಿಂದ ಎಳೆದ ವಿದ್ಯುತ್ತಿನ ಕನಿಷ್ಠ ಶೇ. 80ರಷ್ಟನ್ನು ಕಂಪ್ಯೂಟರಿಗೆ ತಲುಪಿಸುತ್ತದೆ ಎಂದು ಹೇಳುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಈ ಮುದ್ರೆ ದಕ್ಷತೆಯದು, ಒಳಗಿನ ರಕ್ಷಣಾ ಸರ್ಕ್ಯೂಟ್‌ಗಳದ್ದಲ್ಲ; ಆದರೂ ಅದು ಇರುವ ಎಸ್‌ಎಂಪಿಎಸ್ ಕೊಳ್ಳುವುದು ಒಳ್ಳೆಯ ಆರಂಭ.

ನಮ್ಮಲ್ಲಿ ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಕೆಲಸ ವಹಿಸಿಕೊಳ್ಳಲು ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಆ ಹೊತ್ತು ಕಂಪ್ಯೂಟರ್ ಬದುಕುವುದು ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯ ಮೇಲೆ. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡ್ ತಾಳುತ್ತದೆ. 50 ಹರ್ಟ್ಸ್‌ನ ನಮ್ಮ ವಿದ್ಯುತ್ತಿನ ಒಂದು ಆವರ್ತ 20 ಮಿಲಿಸೆಕೆಂಡ್, ತಾಳುವ ಹೊತ್ತು ಅದಕ್ಕೂ ಕಡಿಮೆ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಚಿಕ್ಕದು, ತಾಳುವ ಹೊತ್ತೂ ಚಿಕ್ಕದು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಹುಡುಕಬೇಕಾದ ಕಾರಣ ಇದು. ಹಲವು ಇನ್ವರ್ಟರ್‌ಗಳ ಹಿಂಬದಿಯಲ್ಲಿ ‘ಯುಪಿಎಸ್’ ಎಂದು ಬರೆದ ಸ್ವಿಚ್ ಇರುತ್ತದೆ. ಆ ಕಡೆಗೆ ಹಾಕಿದರೆ ಬದಲಾವಣೆ ಬೇಗ ನಡೆಯುತ್ತದೆ. ಹೊಸ ಭಾಗ ಕೊಳ್ಳುವ ಮೊದಲು ಅದನ್ನು ನೋಡಿ.

ಮೂರನೇ ಪಿನ್ನು

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಅನುಭವ ನಮ್ಮ ಅನೇಕ ಮನೆಗಳಲ್ಲಿ ಉಂಟು. ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಂಡು ಬದಲಾಯಿಸಿದರೂ ಅದು ಹೋಗುವುದಿಲ್ಲ. ಕಾರಣ ಗೋಡೆಯೊಳಗಿದೆ. ವಿದ್ಯುತ್ ಗದ್ದಲವನ್ನು ಸೋಸಲು ಎಸ್‌ಎಂಪಿಎಸ್‌ನಲ್ಲಿ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ. ಮೈ ಭೂಮಿಗೆ ಸೇರಿದ್ದರೆ ಅವುಗಳ ಮೂಲಕ ಹರಿಯುವ ಅತ್ಯಲ್ಪ ಕರೆಂಟ್ ಅರ್ಥ್ ತಂತಿಯಲ್ಲಿ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಎರಡು ಸಮ ಕೆಪಾಸಿಟರ್‌ಗಳು 230 ವೋಲ್ಟನ್ನು ಇಬ್ಭಾಗ ಮಾಡಿ ಕ್ಯಾಬಿನೆಟ್ಟನ್ನು ಸುಮಾರು 115 ವೋಲ್ಟ್‌ನಲ್ಲಿ ನಿಲ್ಲಿಸುತ್ತವೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಮುಂದೊಂದು ದಿನ ಒಳಗಿನ ಇನ್ಸುಲೇಶನ್ ನಿಜವಾಗಿ ಕೆಟ್ಟರೆ ಪ್ರಾಣ ಕಾಯಬೇಕಾದ ದಾರಿ ಆ ಮೂರನೇ ಪಿನ್ನೇ. ಅರ್ಥ್ ಆಗದ ಕಂಪ್ಯೂಟರಿಗೆ ಟಿವಿ ಅಥವಾ ಪ್ರಿಂಟರಿನ ಕೇಬಲ್ ಚುಚ್ಚುವಾಗ ಪೋರ್ಟ್ ಸುಟ್ಟುಹೋಗುವುದೂ ಉಂಟು. ಕಂಪ್ಯೂಟರ್ ಕಟ್ಟುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ತೂತಿನ ಸಾಕೆಟ್‌ಗೆ ಎಂದಿಗೂ ಚುಚ್ಚಬೇಡಿ.

ಜೋಡಿಸುವಾಗ

ಜೋಡಿಸುವ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್ ಮತ್ತು ತಾಳ್ಮೆ ಸಾಕು. ಗಮನವಿಡಬೇಕಾದ ಜಾಗಗಳು ಕೆಲವೇ. ಮೈಮೇಲಿನ ಸ್ಥಿರವಿದ್ಯುತ್ತು ಸುಮಾರು 3000 ವೋಲ್ಟ್ ಮುಟ್ಟುವವರೆಗೆ ನಮಗೆ ಅದರ ಅರಿವೇ ಆಗುವುದಿಲ್ಲ, ಚಿಪ್ಪುಗಳಿಗೆ ಕೆಲವು ನೂರು ವೋಲ್ಟ್ ಕೂಡ ಹಾನಿ ಮಾಡಬಲ್ಲದು. ಒಣ ಹವೆಯಲ್ಲಿ ಅದು ಹೆಚ್ಚು. ಕಲಬುರಗಿ, ವಿಜಯಪುರದ ಒಣ ದಿನಗಳಲ್ಲಿ ಮಂಗಳೂರಿನ ಮಳೆಗಾಲಕ್ಕಿಂತ ಹೆಚ್ಚು ಜಾಗ್ರತೆ ಬೇಕು. ಕೆಲಸದ ನಡುನಡುವೆ ಅರ್ಥ್ ಆದ ಲೋಹವನ್ನು ಮುಟ್ಟುತ್ತಿರಿ, ಬೋರ್ಡನ್ನು ಅಂಚಿನಲ್ಲೇ ಹಿಡಿಯಿರಿ.

ಪ್ರೊಸೆಸರ್ ಮತ್ತು ಅದನ್ನು ತಂಪಾಗಿಸುವ ಲೋಹದ ಹೀಟ್‌ಸಿಂಕ್ ಎರಡೂ ನಯವಾಗಿ ಕಂಡರೂ ಸೂಕ್ಷ್ಮವಾಗಿ ಉಬ್ಬುತಗ್ಗಾಗಿರುತ್ತವೆ. ಆ ತಗ್ಗುಗಳಲ್ಲಿ ಗಾಳಿ ಉಳಿದರೆ ಶಾಖ ದಾಟಲಾರದು. ಥರ್ಮಲ್ ಪೇಸ್ಟ್ ಗಾಳಿಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ, ತಾಮ್ರದ ಮುಂದೆ ಮಾತ್ರ ಅದು ತೀರಾ ದುರ್ಬಲ. ಆದ್ದರಿಂದ ತಗ್ಗು ತುಂಬುವಷ್ಟೇ ಹಾಕಬೇಕು, ದಪ್ಪ ಪದರ ಅಡ್ಡಿಯಾಗುತ್ತದೆ. ಹೊಸ ಹೀಟ್‌ಸಿಂಕಿಗೆ ಪೇಸ್ಟ್ ಮೊದಲೇ ಹಚ್ಚಿದ್ದರೆ ಇನ್ನೊಂದು ಪದರ ಬೇಡ.

ಕ್ಯಾಬಿನೆಟ್ಟಿನ ಹಿತ್ತಾಳೆಯ ಪುಟ್ಟ ಕಂಬಗಳು ಬೋರ್ಡಿನ ತೂತುಗಳಿರುವಲ್ಲಿ ಮಾತ್ರ ಇರಬೇಕು. ಒಂದು ಹೆಚ್ಚಿದ್ದರೂ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗುತ್ತದೆ. ಇದೇ ಕಾರಣಕ್ಕೆ ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಬಿಗಿಯುವ ಮೊದಲು ಮದರ್‌ಬೋರ್ಡಿನ ರಟ್ಟಿನ ಡಬ್ಬದ ಮೇಲೇ ಇಟ್ಟು ಒಮ್ಮೆ ಚಾಲೂ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ.

ಸ್ವಿಚ್ ಒತ್ತಿದಾಗ ನಡೆಯುವುದು

ಡಿಸ್ಪ್ಲೇ ಬರುತ್ತಿಲ್ಲ ಎಂಬುದು ಜೋಡಿಸುವವರೆಲ್ಲರೂ ಒಮ್ಮೆಯಾದರೂ ಹೇಳುವ ಮಾತು. ಗಾಬರಿಯಾಗಬೇಕಿಲ್ಲ. ಕಂಪ್ಯೂಟರ್ ಎದ್ದೇಳುವುದು ಹಂತ ಹಂತವಾಗಿ, ಪ್ರತಿ ಹಂತವೂ ಹಿಂದಿನದರ ಒಪ್ಪಿಗೆಗಾಗಿ ಕಾಯುತ್ತದೆ. ಆ ಕ್ರಮ ಗೊತ್ತಿದ್ದರೆ ನಿಂತದ್ದು ಎಲ್ಲೆಂದು ತಿಳಿಯುತ್ತದೆ.

ಗೋಡೆಯ ಸ್ವಿಚ್ ಹಾಕಿದ ಕೂಡಲೇ ಎಸ್‌ಎಂಪಿಎಸ್ ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಇದು ಜೀವಂತ. ಕ್ಯಾಬಿನೆಟ್ಟಿನ ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ತಂತಿಯನ್ನು ಶೂನ್ಯಕ್ಕೆ ಇಳಿಸಿ ಎಸ್‌ಎಂಪಿಎಸ್ಸನ್ನು ಪೂರ್ತಿ ಎಬ್ಬಿಸುತ್ತದೆ. 12, 5, 3.3 ವೋಲ್ಟ್ ಸಾಲುಗಳು ಶೇ. 5ರ ಅಂತರದೊಳಗೆ ನಿಂತ ಮೇಲೆ, 100ರಿಂದ 500 ಮಿಲಿಸೆಕೆಂಡ್ ಬಿಟ್ಟು, ‘ವಿದ್ಯುತ್ ಸರಿಯಿದೆ’ ಎಂಬ ಸಂಕೇತ ಬೂದು ತಂತಿಯಲ್ಲಿ ಹೊರಡುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಒಂದೇ ಒಂದು ಸೂಚನೆಯನ್ನೂ ನಡೆಸದೆ ರೀಸೆಟ್ ಸ್ಥಿತಿಯಲ್ಲಿ ಕಾದಿರುತ್ತದೆ. ಬಳಿಕ ಬಯಾಸ್ ಓಡುತ್ತದೆ, ರ‍್ಯಾಮ್ ಪರೀಕ್ಷೆಯಾಗುತ್ತದೆ, ಗ್ರಾಫಿಕ್ಸ್ ಎಚ್ಚರಗೊಳ್ಳುತ್ತದೆ, ಕೊನೆಗೆ ಎಸ್‌ಎಸ್‌ಡಿಯಲ್ಲಿ ಆಪರೇಟಿಂಗ್ ಸಿಸ್ಟಂ ಹುಡುಕಾಟ.

ಲಕ್ಷಣಗಳನ್ನು ಈ ಕ್ರಮಕ್ಕೆ ಹೊಂದಿಸಿ ನೋಡಿ. ಬಟನ್ ಒತ್ತಿದರೂ ಫ್ಯಾನ್ ಅಲುಗದಿದ್ದರೆ ತೊಂದರೆ ಮೊದಲ ಎರಡು ಹಂತಗಳಲ್ಲಿ: ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್, 24 ಪಿನ್ನಿನ ಕನೆಕ್ಟರ್, ಅಥವಾ ಬಟನ್ನಿನ ಎಳೆಯಂಥ ತಂತಿಗಳು. ಬೋರ್ಡಿನ ಮೇಲಿನ ಆ ಎರಡು ಬಟನ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದಾಗ ಚಾಲೂ ಆದರೆ ದೋಷ ಬಟನ್ನಿನದೇ. ಫ್ಯಾನ್ ತಿರುಗಿಯೂ ಪರದೆ ಕಪ್ಪಗಿದ್ದರೆ, ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಅಥವಾ 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಚುಚ್ಚಿದೆಯೇ ನೋಡಿ. ಅತಿ ಹೆಚ್ಚು ಮರೆತುಹೋಗುವುದು ಅದು. ಆಮೇಲೆ ರ‍್ಯಾಮ್, ಆಮೇಲೆ ಮಾನಿಟರ್ ಕೇಬಲ್. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಚುಚ್ಚಬೇಕು. ಹಲವು ಹೊಸ ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಉರಿದು ನಿಂತಿತೋ ಅಲ್ಲೇ ಕಾಯುವಿಕೆ. ಒಂದು ಎಚ್ಚರಿಕೆ: ಡಿಡಿಆರ್5 ಯಂತ್ರಗಳು ಮೊದಲ ಸಲ ರ‍್ಯಾಮಿನ ಸಮಯಗಳನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟರಲ್ಲೇ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟಾದರೂ ಸಿಗದಿದ್ದರೆ ವಿಧಾನ ಬೇಕು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಕಾರಣ ಪತ್ತೆಹಚ್ಚುವ ಮಾರ್ಗಗಳನ್ನು ವಿವರಿಸಿದ. ಅವುಗಳಲ್ಲೊಂದರ ಸಾರ ಹೀಗಿದೆ: ಎರಡು ಸನ್ನಿವೇಶಗಳು ಒಂದೇ ಒಂದು ಅಂಶದಲ್ಲಿ ಬೇರೆಯಾಗಿದ್ದು ಫಲಿತಾಂಶವೂ ಬೇರೆಯಾದರೆ, ಆ ಅಂಶಕ್ಕೂ ಫಲಿತಾಂಶಕ್ಕೂ ಕಾರಣದ ನಂಟಿದೆ. ರಿಪೇರಿಯ ವಿಜ್ಞಾನವೆಲ್ಲ ಇದರಲ್ಲಿದೆ. ರ‍್ಯಾಮ್ ಬದಲಿಸಿ, ಕೇಬಲ್ ಬದಲಿಸಿ, ಬಯಾಸ್ ರೀಸೆಟ್ ಮಾಡಿ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಕಂಪ್ಯೂಟರ್ ಸರಿಹೋಗಬಹುದು, ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಳ್ಳೆಯ ರ‍್ಯಾಮನ್ನು ಕೆಟ್ಟದ್ದೆಂದು ವಾಪಸ್ ಕೊಟ್ಟು ಬರುವವರೂ ಇದ್ದಾರೆ.

ಆದ್ದರಿಂದ ಕನಿಷ್ಠಕ್ಕೆ ಇಳಿಸಿ. ಮದರ್‌ಬೋರ್ಡ್, ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರ್, ಹೀಟ್‌ಸಿಂಕ್, ಒಂದೇ ರ‍್ಯಾಮ್ ಪಟ್ಟಿ, ಎಸ್‌ಎಂಪಿಎಸ್, ಮಾನಿಟರ್: ಇಷ್ಟೇ ಸಾಕು ಬಯಾಸ್ ಪರದೆ ಮೂಡಲು. ಮೂಡಿದರೆ ಒಂದೊಂದೇ ಭಾಗ ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದನ್ನು ಅನುಮಾನಿಸಿ. ಮೂಡದಿದ್ದರೆ ರ‍್ಯಾಮ್ ಪಟ್ಟಿಯನ್ನು ಬೇರೆ ಸ್ಲಾಟಿಗೆ ಹಾಕಿ, ಆಮೇಲೆ ಇನ್ನೊಂದು ಪಟ್ಟಿ ಹಾಕಿ. ಎಸ್‌ಎಂಪಿಎಸ್ ಆಫ್ ಮಾಡಿ ಬಯಾಸಿನ 3 ವೋಲ್ಟಿನ ಬಿಲ್ಲೆ ಸೆಲ್ ಕೆಲವು ನಿಮಿಷ ತೆಗೆದಿಟ್ಟರೆ ತಪ್ಪು ಸೆಟ್ಟಿಂಗ್‌ಗಳು ಅಳಿಯುತ್ತವೆ. ಪ್ರತಿ ಹೆಜ್ಜೆಯನ್ನೂ ಫಲಿತಾಂಶವನ್ನೂ ಒಂದು ಹಾಳೆಯ ಮೇಲೆ ಬರೆದಿಡಿ.

ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕುವ ಪದ್ಧತಿ ನಮ್ಮಲ್ಲಿ ವ್ಯಾಪಕ. ಅದು ಎಷ್ಟೋ ಸಲ ಫಲ ಕೊಡುವುದು ನಿಜ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಮೇಲೆ ಧೂಳು, ಜಿಡ್ಡು ಕೂರುತ್ತವೆ. ಪಟ್ಟಿಯನ್ನು ತೆಗೆದು ಹಾಕುವಾಗಿನ ಘರ್ಷಣೆಯೇ ಬಹಳ ಮಟ್ಟಿಗೆ ಅದನ್ನು ಒರೆಸಿಬಿಡುತ್ತದೆ. ರಬ್ಬರ್ ಆ ತೆಳು ಲೇಪವನ್ನೇ ಸವೆಸುತ್ತದೆ, ಪುಡಿಯನ್ನೂ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆದು ಬಟ್ಟೆ ಮೇಲು.

ಗಡುವಿನೊಳಗೆ ಪರೀಕ್ಷೆ

ಕಾಡುವ ದೋಷಗಳು ಆಗೊಮ್ಮೆ ಈಗೊಮ್ಮೆ ಬರುವಂಥವು. ಅವನ್ನು ಹಿಡಿಯಲು ಯಾವಾಗ ಬರುತ್ತವೆ ಎಂದು ಗಮನಿಸಿ. ಭಾರಿ ಕೆಲಸ ಕೊಟ್ಟ ಕೆಲವು ನಿಮಿಷಕ್ಕೆ ನಿಧಾನವಾದರೆ ಬಿಸಿಯ ಸಮಸ್ಯೆ: ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಹೀಟ್‌ಸಿಂಕಿನ ನಾಲ್ಕು ಮೂಲೆಗಳೂ ಸಮನಾಗಿ ಕೂತಿವೆಯೇ ನೋಡಿ. ಹೊರೆ ಏರಿದ ಕ್ಷಣವೇ ಸಂಪೂರ್ಣ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಯಾವ ಕ್ರಮವೂ ಇಲ್ಲದೆ ಒಮ್ಮೆ ಬ್ರೌಸರ್, ಒಮ್ಮೆ ಇಡೀ ವಿಂಡೋಸ್ ಕುಸಿದರೆ ರ‍್ಯಾಮ್. ಅದರ ಪ್ರತಿ ಬಿಟ್ ಒಂದು ಅತಿಸೂಕ್ಷ್ಮ ಕೆಪಾಸಿಟರಿನ ವಿದ್ಯುದಂಶ. ಅದು ಸೋರುತ್ತದೆಂದೇ ಡಿಡಿಆರ್4ರಲ್ಲಿ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ತುಂಬಿಸುತ್ತಿರಬೇಕು. ಒಂದು ಕೋಶ ಅದಕ್ಕಿಂತ ಬೇಗ ಸೋರಿದರೂ ಅಲ್ಲಿನ ಅಂಕಿ ತಪ್ಪಾಗುತ್ತದೆ, ಆ ಅಂಕಿ ಯಾವ ತಂತ್ರಾಂಶದ್ದೂ ಆಗಿರಬಹುದು. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿದರೆ ಅದು ಪ್ರತಿ ಕೋಶವನ್ನೂ ಬರೆದು ಓದಿ ನೋಡುತ್ತದೆ. ಒಂದೇ ಒಂದು ತಪ್ಪು ಬಂದರೂ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಪ್ಪು ತೋರಿದ್ದನ್ನು ಬದಲಿಸಿಕೊಳ್ಳಿ.

ಈ ಪರೀಕ್ಷೆಗಳೆಲ್ಲ ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಗಡುವಿನೊಳಗೇ ಮುಗಿಯಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬಗಳನ್ನು ವಾರಂಟಿ ಮುಗಿಯುವವರೆಗೆ ಎತ್ತಿಡಿ. ನೀವು ಬರೆದಿಟ್ಟ ಹಾಳೆಯನ್ನೂ ಬಿಲ್ಲಿನೊಂದಿಗೆ ಇರಿಸಿ. ಯಾವ ಪಟ್ಟಿ ಯಾವ ಸ್ಲಾಟಿನಲ್ಲಿ ಎಂಥ ತಪ್ಪು ತೋರಿಸಿತೆಂದು ಹೇಳಬಲ್ಲ ಗಿರಾಕಿಯ ಮಾತನ್ನು ಅಂಗಡಿಯಲ್ಲೂ ಸರ್ವಿಸ್ ಸೆಂಟರಿನಲ್ಲೂ ತಳ್ಳಿಹಾಕುವುದು ಕಷ್ಟ.

ಹೀಗೆ ಕಟ್ಟಿದ ಯಂತ್ರ ನಾಲ್ಕು ವರ್ಷದ ಬಳಿಕ ನಿಧಾನವೆನಿಸಿದರೆ ಅದನ್ನು ಎಸೆಯಬೇಕಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮೂರರಲ್ಲಿ ಯಾವುದು ನೂರಕ್ಕೆ ನೂರು ತುಂಬಿ ಉಳಿದವನ್ನು ಕಾಯಿಸುತ್ತಿದೆಯೆಂದು ನೋಡಿ, ಅದೊಂದನ್ನೇ ಬದಲಿಸಿದರೆ ಸಾಕು. ಉಳಿದ ಭಾಗಗಳ ಲೋಹ, ಪ್ಲಾಸ್ಟಿಕ್ ಇ-ತ್ಯಾಜ್ಯದ ರಾಶಿಗೆ ಸೇರುವುದು ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ. ಅಷ್ಟೇ ಮುಖ್ಯವಾಗಿ, ಮನೆಯ ಮಗಳೊಬ್ಬಳು ಕಂಪ್ಯೂಟರನ್ನು ಬರೀ ಬಳಸದೆ, ಬಿಚ್ಚಿ ನೋಡಿ ಸರಿಪಡಿಸಬಲ್ಲ ವಸ್ತುವಾಗಿ ಕಾಣುತ್ತಾಳೆ. ಅಮ್ಡಾಲ್‌ನ ಲೆಕ್ಕವನ್ನೂ ಮಿಲ್‌ನ ತರ್ಕವನ್ನೂ ಅವಳು ಸ್ಕ್ರೂಡ್ರೈವರ್ ಹಿಡಿದೇ ಕಲಿತಿರುತ್ತಾಳೆ; ಮುಂದೆ ಯಾವ ಯಂತ್ರ ಕೆಟ್ಟರೂ ಅವಳಿಗೆ ಶುರುಮಾಡುವ ಜಾಗ ಗೊತ್ತಿರುತ್ತದೆ.